ಹಗಲಲ್ಲಿ ಎಳೆದ ಪರದೆ

ಹಾರ್ಲಿಂಗನ್, ಭಾನುವಾರ

ಮುದ್ದು ನೀಂಕೆ,

ಆಸ್ಪತ್ರೆಯಲ್ಲಿ ನಿನ್ನ ಜ್ವರ ಇಳಿಯಿತಾ? ರಾತ್ರಿಯಿಡೀ ನಿನ್ನ ಪಕ್ಕ ಕುರ್ಚಿಯಲ್ಲೇ ಮಲಗುವ ನಿನ್ನಮ್ಮ ಫೆಮ್ಕೆಯ ಬೆನ್ನು ಹೇಗಿದೆ? ನಾನು ಚೆನ್ನಾಗಿದ್ದೇನೆ.

ನಿನ್ನ ಊಸರವಳ್ಳಿ ಕೋಬಸ್ ಮಾತ್ರ ಏನೂ ತಿನ್ನದೆ ಕಪ್ಪಗಾಗಿ ಕೂತಿದ್ದ. ನೀನು ಹೇಳಿದಂತೆ ಜಾಲರಿಯ ಪಂಜರ, ಬಿಸಿಲಿನ ದೀಪ, ಎಲೆಗಳ ಮೇಲೆ ನೀರಿನ ಹನಿ, ಎಲ್ಲ ಮಾಡಿದ್ದೆ. ಆದರೆ ಪಂಜರವನ್ನು ಬೀದಿ ಕಡೆಯ ಕಿಟಕಿಯಲ್ಲಿ ಇಟ್ಟಿದ್ದೆ. ಚೆಂದದ್ದನ್ನೆಲ್ಲ ನಾವು ಅಲ್ಲೇ ಇಡೋದಲ್ಲವೇ? ಹೋಗಿಬರುವವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವನಿಗೆ ಅದೇ ಭಯವೆಂದು ತಡವಾಗಿ ಹೊಳೆಯಿತು. ಪಂಜರ ಎತ್ತಲು ನನ್ನೊಬ್ಬನಿಂದ ಆಗದು, ಪರದೆ ಎಳೆದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಎದುರುಮನೆಯ ಹಿಸ್ಕೆ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪಗೆ.

"ಸೀಟ್ಸೆ, ಹುಡುಗಿ ಹೋಗ್ಬಿಟ್ಲಾ?"

ನಮ್ಮೂರಲ್ಲಿ ಹಗಲಲ್ಲಿ ಪರದೆ ಎಳೆಯುವುದು ಸಾವಾದ ಮನೆಯಲ್ಲಿ ಮಾತ್ರ ಅನ್ನೋದೇ ನನಗೆ ಮರೆತಿತ್ತು. ಇದನ್ನು ನಿನಗೆ ಬರೆಯಬಾರದೇನೋ, ಆದರೆ ನೀನು ನಗುತ್ತೀ ಅಂತ ಗೊತ್ತು.

"ಇಲ್ಲ ಕಣೇ, ಕೋಬಸ್‌ಗೆ ನಾಚಿಕೆ," ಅಂದೆ.

"ತಲೆ ಕೆಟ್ಟ ಮುದುಕ! ನನ್ ಜೀವಾನೇ ಹೋಗಿತ್ತು," ಎಂದು ಬೈಯುತ್ತಲೇ ಪಂಜರದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಹಿಂದಿನ ನಿನ್ನ ಕೋಣೆಗೆ ಸಾಗಿಸಿದೆವು. ಸಂಜೆಗೆ ಕೋಬಸ್ ಹಸಿರಾದ, ಒಂದು ಮಿಡತೆ ತಿಂದ.

ಹಿಸ್ಕೆ ಈಗ ದಿನಾ ಬೆಳಗ್ಗೆ ನಮ್ಮ ಪರದೆ ನೋಡುತ್ತಾಳೆ. ಏಳುತ್ತಲೇ ನಾನು ತೆರೆದಿಡುತ್ತೇನೆ. ಅವಳಿಗಾದರೆ ನಮ್ಮ ಕಿಟಕಿ ಎದುರಿಗೇ ಇದೆ; ಆಸ್ಪತ್ರೆಯ ನಿನ್ನ ಕಿಟಕಿ ಇಲ್ಲಿಂದ ನನಗೆ ಕಾಣುವುದಿಲ್ಲ. ಬೇಗ ಎರಡು ಸಾಲು ಬರೆ.

ನಿನ್ನ ಅಜ್ಜ,
ಸೀಟ್ಸೆ