ತುರಿಸದ ಕೈ

ಮಂಗಳವಾರ, ಹನ್ನೆರಡನೇ ತಾರೀಖು

ಅಕ್ಕಾ,

ನನ್ನ ಅಕ್ಷರ ಗುರುತು ಸಿಕ್ಕಿತೆಂದು ಹರಿದುಹಾಕಬೇಡಿ, ಕೊನೆವರೆಗೂ ಓದಿ. ನೀವು ಕೆಲಸಕ್ಕೆ ಬಂದು ನೋಡಿಕೊಳ್ಳುತ್ತಿದ್ದ ನನ್ನ ಅಮ್ಮ ತೀರಿಹೋಗಿ ಇವತ್ತಿಗೆ ಇಪ್ಪತ್ತು ದಿನ.

ಆ ಬೆಳಿಗ್ಗೆ ಅಮ್ಮನಿಗೆ ಹಾಲು ಕುಡಿಸುತ್ತಾ ನೀವು ಮಣಿಕಟ್ಟು ಕೆರೆದುಕೊಂಡಿದ್ದನ್ನು ನೋಡಿ ನಾನು ಕೂಗಾಡಿದೆ. ಕಜ್ಜಿ ಹೊತ್ತುಕೊಂಡು ಬಂದಿದ್ದೀರಿ, ಅಮ್ಮನನ್ನು ಮುಟ್ಟಬೇಡಿ ಅಂದೆ. ಈ ಮನೆಗೆ ಬಂದಮೇಲೇ ಶುರುವಾಗಿದ್ದು ಅಂತ ನೀವು ಹೇಳಿದ್ದಕ್ಕೆ, ಹಾಗಾದರೆ ಅಮ್ಮ ಯಾಕೆ ತುರಿಸಿಕೊಳ್ಳಲ್ಲ ಅಂತ ಬಾಯಿ ಮುಚ್ಚಿಸಿದೆ. ಅಮ್ಮ ಮಂಚದಿಂದಲೇ, ನನಗೆ ಅವಳ ಕೈಯೇ ಬೇಕು ಕಣೇ, ನಿಂದು ಇಸ್ತ್ರಿಪೆಟ್ಟಿಗೆ, ಮುಟ್ಟಿದರೆ ಸುಡುತ್ತೆ ಅಂತ ಗೊಣಗಿದಳು. ನಾನು ಕೇಳಲಿಲ್ಲ, ಅವತ್ತೇ ನಿಮ್ಮನ್ನು ಕೆಲಸದಿಂದ ಬಿಡಿಸಿದೆ. ನೀವು ಮಧ್ಯಾಹ್ನ ಹೋಗುತ್ತಿದ್ದ ಮೇಷ್ಟ್ರ ಮನೆಗೂ ಹೇಳಿ ಆ ಕೆಲಸವನ್ನೂ ತಪ್ಪಿಸಿದೆ.

ಎರಡು ವಾರಕ್ಕೆ ಅಮ್ಮನಿಗೆ ಜ್ವರ ಬಂತು. ಚರ್ಮದ ಡಾಕ್ಟರಮ್ಮ ಅವಳ ಬೆರಳ ಸಂದಿಯ ಹಕ್ಕಳೆ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ವಯಸ್ಸಿಗೆ ಒಣಗಿದ ಚರ್ಮ ಅಂತ ನಾನು ಎಣ್ಣೆ ಸವರುತ್ತಿದ್ದ ಜಾಗ. ಒಂದು ಚೂರಿನಲ್ಲಿ ಎಷ್ಟು ಹುಳ, ಅಕ್ಕಾ! ತುರಿಕೆ ಅಂದರೆ ಹುಳದ ಜೊತೆ ಮೈ ಹೂಡುವ ಜಗಳವಂತೆ. ಸೋತ ಮೈಯಲ್ಲಿ ಹುಳ ತಿಂಗಳುಗಟ್ಟಲೆ ಕೂತರೆ ಆ ಜಗಳ ದಿಕ್ಕು ತಪ್ಪುತ್ತದಂತೆ. ಚರ್ಮ ದಪ್ಪಗಟ್ಟುತ್ತದೆ, ತುರಿಕೆ ಇರುವುದೇ ಇಲ್ಲ, ಹುಳ ಮಾತ್ರ ಸಾವಿರಗಟ್ಟಲೆ. ಆ ಬಿರುಕುಗಳಿಂದಲೇ ನಂಜು ರಕ್ತಕ್ಕೆ ಸೇರಿತ್ತು. ಗಟ್ಟಿ ಮೈಯವರಿಗೂ ಮೊದಲ ಸಲ ತುರಿಕೆ ಕಾಣಿಸಲು ತಿಂಗಳು ಬೇಕಂತೆ. ನಾನು ಕೂಗಾಡಿದ ದಿನಕ್ಕೆ ನೀವು ನಮ್ಮಲ್ಲಿಗೆ ಬಂದು ಐದು ವಾರ. ನಿಮಗೆ ಹತ್ತಿದ್ದು ಅಮ್ಮನಿಂದ.

ನಿನ್ನೆ ಮೇಷ್ಟ್ರ ಮನೆಗೆ ಹೋಗಿ, ರೋಗ ನಮ್ಮ ಮನೆಯದೇ ಅಂತ ಹೇಳಿಬಂದೆ. ಔಷಧಿ ಚೀಟಿ ಇದರೊಳಗಿದೆ. ನಿಮ್ಮ ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಿ, ಒಬ್ಬರು ಹಚ್ಚಿಕೊಂಡರೆ ಸಾಲದು.

ನೀವು ಲಾಂಡ್ರಿ ತಂಗಿ ಎನ್ನುತ್ತಿದ್ದ,
ನಾನು

ತಾ.ಕ.: ಒಬ್ಬರು ಸಾಲದು ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ನೀವು ಬರುವ ನಾಲ್ಕು ತಿಂಗಳು ಮುಂಚೆ, ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಲಾಡ್ಜಿನ ಕೊಳೆ ಹಾಸುಗಳನ್ನು ವಿಂಗಡಿಸುವಾಗ ನನಗೆ ಕಜ್ಜಿ ಹತ್ತಿತ್ತು. ಕಜ್ಜಿಯವಳು ಅನ್ನಿಸಿಕೊಳ್ಳಲು ನಾಚಿ, ಬಚ್ಚಲಿನ ಚಿಲಕ ಹಾಕಿಕೊಂಡು ತುರಿಸಿದಾಗಲೆಲ್ಲ ನಾನೊಬ್ಬಳೇ ಮುಲಾಮು ಹಚ್ಚಿಕೊಂಡು, ಬಂದು ಅಮ್ಮನ ಪಕ್ಕ ಮಲಗುತ್ತಿದ್ದೆ. ಏನೇ ಅದು ವಾಸನೆ ಅಂತ ಒಂದು ರಾತ್ರಿ ಅಂದಳು. ಲಾಂಡ್ರಿ ಸೋಪು ಅಂದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಮನೆಯಲ್ಲಿ ಮೊದಲು ಯಾರಿಗೆ ಬಂತು ಅಂತ ಕೇಳಿದಾಗ ಅಮ್ಮ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಆಗಲೂ ನಿಮ್ಮನ್ನೇ ಹೇಳಿದೆ.