ಬಾನೆಟ್ ಮೇಲೆ ಬಿಟ್ಟುಬಂದದ್ದು

ಜೂನ್ ೧೪, ಶನಿವಾರ

ಹಳೇ ಕಾರು ನೋಡಲು ಅಣ್ಣನನ್ನು ಕರೆದುಕೊಂಡು ಹೋದದ್ದೇ ತಪ್ಪಾಯಿತು.

ಕಾರು ಬೇಕಾಗಿರುವುದು ನನಗೆ. ಬಿಚ್ಚಿ ರಿಪೇರಿ ಮಾಡುವವಳೂ ನಾನೇ. ಚೌಕಾಸಿಗೆ ಜೊತೆಗಿರಲಿ ಎಂದು ಕರೆದರೆ ದಾರಿಯುದ್ದಕ್ಕೂ ನನಗೇ ಪಾಠ: "ಮುಖದಲ್ಲಿ ಆಸೆ ತೋರಿಸ್ಬೇಡ ಕಣೆ. ಏನು ನೋಡಿದ್ರೂ ಮೂಗು ಮುರಿ."

ಮುರಿದೆ. ಫ್ರಿಜ್ ಬಾಗಿಲಿನಿಂದ ಕಿತ್ತುಕೊಂಡು ಹೋಗಿದ್ದ ಆಯಸ್ಕಾಂತವನ್ನು ಕಾರಿನ ಮೈಗೆಲ್ಲ ಹಿಡಿದು ನೋಡಿದೆ. ಬಾಗಿಲ ಕೆಳಭಾಗದಲ್ಲಿ ಅಂಟದೆ ಜಾರಿಬಿತ್ತು. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ! ಬಾನೆಟ್ ಮೇಲೆ ಮಾತ್ರ ಗಟ್ಟಿಯಾಗಿ ಕೂತಿತು. ಮಾಲೀಕನ ಮುಖ ಸಪ್ಪಗಾಯಿತು. ಅರ್ಧ ಬೆಲೆಗೆ ಕೇಳೋಣ ಎಂದು ಬಾಯಿ ತೆರೆದೆ.

ಪೋಂ ಪೋಂ!

ಆ ಕಾರಿನಲ್ಲಿ ನೆಟ್ಟಗಿರುವುದು ಹಾರ್ನ್ ಒಂದೇ. ಅಣ್ಣ ಸ್ಟೀರಿಂಗ್ ಹಿಡಿದು ಕೂತು ಅದನ್ನೇ ಒತ್ತುತ್ತಿದ್ದ. "ಅಪ್ಪನ ಕಾರಿಂದೂ ಇದೇ ಸದ್ದು ಕಣೆ! ಇದನ್ನ ಬಿಡೋದೇ ಬೇಡ!"

ಮಾಲೀಕನ ಮುಖಕ್ಕೆ ಕಳೆ ಬಂತು. "ಹೇಳಿದ್ದಕ್ಕಿಂತ ಕಡಿಮೆ ಆಗಲ್ಲಮ್ಮ. ನಿಮ್ಮಣ್ಣಂಗೆ ಇಷ್ಟ ಆಗಿದೆಯಲ್ಲ."

ಅಣ್ಣನ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಆಗಿನಿಂದ ಅವನೊಡನೆ ಮಾತಿಲ್ಲ. ಒಂದು ವಾರ ಆ ಕಡೆ ತಲೆ ಹಾಕದಿದ್ದರೆ ಮಾಲೀಕ ತಾನಾಗಿಯೇ ದಾರಿಗೆ ಬರುತ್ತಾನೆ ಎಂದು ಲೆಕ್ಕ ಹಾಕಿದ್ದೆ.

ಈಗಷ್ಟೇ ಅಡುಗೆಮನೆಗೆ ಹೋದರೆ ಫ್ರಿಜ್ ಮೇಲಿರಬೇಕಾದ ಕರೆಂಟ್ ಬಿಲ್ಲು ನೆಲದ ಮೇಲಿತ್ತು. ಮತ್ತೆ ಅಂಟಿಸೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಆಯಸ್ಕಾಂತವಿಲ್ಲ. ಅಲ್ಲೇ ಬಾನೆಟ್ ಮೇಲೆ ಕೂತಿದೆ. ಮಾಲೀಕ ನೋಡಿರುತ್ತಾನೆ. ಇವಳು ಬಂದೇ ಬರ್ತಾಳೆ ಎಂದು ನಕ್ಕಿರುತ್ತಾನೆ.

ನಾಳೆ ಹೋಗುವುದಿಲ್ಲ. ಹೋದರೂ ಆಯಸ್ಕಾಂತಕ್ಕೆ ಮಾತ್ರ. ಹಾಗೇ ಒಂದು ಸಲ ಆ ಹಾರ್ನ್ ಒತ್ತಿ ನೋಡಿ ಬರುತ್ತೇನೆ, ಅಷ್ಟೇ.