ಮೊದಲನೆಯ ಡಿಸ್ಕ್

ನವೆಂಬರ್ 13, ಗುರುವಾರ

ನಲವತ್ತೆರಡು ಕಂಪ್ಯೂಟರುಗಳಲ್ಲಿ ನಲವತ್ತೊಂದು ಸರಿಯಾಗಿವೆ. ಉಳಿದ ಒಂದು ತಲೆಯಿಂದ ಹೋಗುತ್ತಿಲ್ಲ.

"ಎಲ್ಲಾ ಒಂದೇ ಥರದ ಮಷೀನು ಮಾರಾಯ, ಗುಂಡಿ ಒತ್ತಿ ಮನೆಗೆ ಹೋಗು" ಎಂದಿದ್ದ ನನ್ನ ಮೇಲಧಿಕಾರಿ ಡೇಲ್. ಎಣಿಸಿದರೆ ಒಂಬತ್ತು ಥರ. ಮಧ್ಯೆ ಯಾರನ್ನೂ ಏನೂ ಕೇಳದೆ ತಾನಾಗಿಯೇ ಹಳೆಯದನ್ನು ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಆಜ್ಞೆಗಳ ಸ್ಕ್ರಿಪ್ಟ್ ಬರೆದೆ. ಅದರಲ್ಲಿ 'ಮೊದಲನೆಯ ಡಿಸ್ಕ್ ಅಳಿಸು' ಎಂದು ಬರೆದವನೂ ನಾನೇ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ರಸ್ತೆ ವಿಭಾಗದ ಮಾರ್ಲಿಸ್ ಅವರ ಹಳೆಯ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದವು. ಮೊದಲನೆಯದರಲ್ಲಿ ಅವರ ಟಿಪ್ಪಣಿಗಳಿದ್ದವು. ಹಿಮ ಬಿದ್ದಾಗ ಯಾವ ಮನೆಯ ದಾರಿ ಮೊದಲು ತೆರವು ಮಾಡಬೇಕು, ಯಾರಿಗೆ ಡಯಾಲಿಸಿಸ್, ಯಾರ ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆ ಎಂಬ ಹನ್ನೊಂದು ಚಳಿಗಾಲಗಳ ಮಾಹಿತಿ. ಬೇರೆಲ್ಲೂ ಪ್ರತಿ ಇಲ್ಲ. ಶನಿವಾರ ಹಿಮ ಬೀಳುತ್ತದಂತೆ.

"ಪರವಾಗಿಲ್ಲ ಬಿಡಪ್ಪ, ಹೀಗೂ ಆಗತ್ತೆ" ಎಂದು ಮಾರ್ಲಿಸ್ ನನ್ನ ಕೈಗೆ ಕುಂಬಳದ ಕೇಕಿನ ತುಂಡು ಇಟ್ಟರು. ಸಿಟ್ಟನ್ನೂ ನಯವಾಗಿಯೇ ತೋರಿಸುವ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಮೇಲೆ ಫೋನ್ ಎತ್ತಿದರು. "ವರ್ನಾ, ಈ ವರ್ಷ ನಿಮಗೆ ಯಾವ್ಯಾವ ದಿನ ಆಸ್ಪತ್ರೆ?" ಸಂಜೆ ಐದಕ್ಕೆ ಹದಿನಾರು ಮನೆ ಮುಗಿದಿದ್ದವು. ಇನ್ನೆಷ್ಟು ಉಳಿದಿವೆ ಎಂದು ಅವರಿಗೂ ಗೊತ್ತಿಲ್ಲ.

ಮುಂದಿನ ವಾರ ಗ್ರಂಥಾಲಯದ ಇಪ್ಪತ್ತು ಯಂತ್ರಗಳಿವೆ. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದೆ, ಇನ್ನು ಅದು ಅಳಿಸುವ ಮುನ್ನ ನಿಂತು ಕೇಳುತ್ತದೆ. ಉತ್ತರಿಸಲು ಪ್ರತಿ ಯಂತ್ರದ ಮುಂದೆ ಒಬ್ಬರು ಕೂರಬೇಕು. ಡೇಲ್‌ಗೆ ಇದನ್ನು ಹೇಳಿದರೆ... ಅದು ಆಮೇಲೆ. ಬೆಳಿಗ್ಗೆ ಎಂಟಕ್ಕೆ ಮಾರ್ಲಿಸ್ ಪಕ್ಕ ಕೂತು ನಾನೂ ಫೋನ್ ಮಾಡಬೇಕು. ಕೇಕು ಇನ್ನೂ ಚೀಲದಲ್ಲೇ ಇದೆ, ತಿನ್ನಲು ಮನಸ್ಸಾಗಿಲ್ಲ.